ರಿಂಗ್ ಆಗುತ್ತಿತ್ತು, ಯಾರೂ ಎತ್ತಲಿಲ್ಲ

2021ರ ಅಕ್ಟೋಬರ್ 4, ಸೋಮವಾರ. ಆ ರಾತ್ರಿ ನಾವು ಬದುಕಿದ್ದ ಒಬ್ಬ ಮನುಷ್ಯನನ್ನು ಸುದ್ದಿಯಲ್ಲಿ ಸಾಯಿಸಿದೆವು. ಅದೇ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಜಗತ್ತಿನಾದ್ಯಂತ ಸುಮಾರು ಆರು ತಾಸು ಬಂದ್ ಆದವು. ಅಷ್ಟು ದೊಡ್ಡ ಕಂಪನಿಯ ತಪ್ಪಿಗೂ ಪಾಮನಕಲ್ಲೂರಿನ ಒಬ್ಬ ಸ್ಟ್ರಿಂಜರ್‌ನ ತಪ್ಪಿಗೂ ಎಲ್ಲಿಯ ಸಂಬಂಧ ಎಂದು ಆಗ ಅಂದುಕೊಂಡಿದ್ದೆವು. ಆಮೇಲೆ ಕೇಳಿ, ಓದಿ ತಿಳಿದ ಮೇಲೆ ಎರಡೂ ಒಂದೇ ಜಾತಿಯ ತಪ್ಪು ಅನ್ನಿಸಿತು. ಅದನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು.

ನಮ್ಮೂರು ಮಸ್ಕಿ ತಾಲ್ಲೂಕಿನಲ್ಲಿ, ಕವಿತಾಳ ಸಮೀಪ ಇದೆ. ಹೊರಗಿನವರಿಗೆ ಈ ಹೆಸರು ಗೊತ್ತಾದದ್ದು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ಇಲ್ಲಿ ಧರಣಿ ಕುಳಿತಾಗ. 2021ರ ಏಪ್ರಿಲ್ 17ರಂದು ಮಸ್ಕಿ ಉಪಚುನಾವಣೆ ನಡೆಯಿತು. ಆ ದಿನಗಳಲ್ಲಿ ಬೆಂಗಳೂರಿನ ಚಾನೆಲ್‌ಗಳವರೂ ಬಂದು ಹೋದರು. ಅವರು ಹೋದ ಮೇಲೆ ಸುದ್ದಿಗೆ ಉಳಿಯುವವರು ನಾವು, ನಮ್ಮ ಬೈಕು, ನಮ್ಮ ಮೊಬೈಲು. ಡಿಪ್ಲೊಮಾ ಮುಗಿಸಿ ಬಂದಾಗ ಸುದ್ದಿ ಕಳಿಸಲು ಸೈಬರ್ ಕೆಫೆಗೆ ಹೋಗುತ್ತಿದ್ದೆವು. ಆಮೇಲೆ ಎಲ್ಲವೂ ವಾಟ್ಸಾಪ್ ಆಯಿತು. ಸುದ್ದಿಯೂ ಅದರಲ್ಲೇ, ಫೋಟೊವೂ ಅದರಲ್ಲೇ, ಡೆಸ್ಕಿನವರ ಬೈಗುಳವೂ ಅದರಲ್ಲೇ.

ಆ ದಿನ ಸಂಜೆ ಎರಡು ಬೈಕುಗಳು ಮುಖಾಮುಖಿ ಡಿಕ್ಕಿಯಾದವು. ಒಬ್ಬ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ತೀರಿಕೊಂಡ. ಇನ್ನೊಬ್ಬನನ್ನು ರಾಯಚೂರಿಗೆ ಸಾಗಿಸಿದರು. ಇಬ್ಬರದೂ ಒಂದೇ ಹೆಸರು. ಆ ಹೆಸರು ಇಲ್ಲಿ ಬರೆಯುವುದಿಲ್ಲ. ಗುರುಗುಂಟಾ ಅಮರೇಶ್ವರನ ಸೀಮೆಯಿದು, ಓಣಿಗೆ ನಾಲ್ಕು ಮಂದಿಗೆ ಒಂದೇ ದೇವರ ಹೆಸರಿರುತ್ತದೆ ಎಂದರೆ ಸಾಕು. ಸ್ಥಳದಲ್ಲಿದ್ದ ಪರಿಚಯದವರೊಬ್ಬರಿಗೆ ಫೋನ್ ಹಚ್ಚಿ, "ಯಾರ್ರೀ ತೀರ್ಕೊಂಡವ್ರು?" ಎಂದು ಕೇಳಿದೆವು. ಅವರು ಹೆಸರು ಹೇಳಿದರು. ಆ ಹೆಸರಿನ ಒಬ್ಬ ಹುಡುಗ ನಮಗೆ ಗೊತ್ತಿದ್ದ, ಅವನ ಅಪ್ಪನ ಹೆಸರೂ ಊರೂ ಗೊತ್ತಿತ್ತು. ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಏಳೂಮುಕ್ಕಾಲಿಗೆ ಡೆಸ್ಕಿಗೆ ಕಳಿಸಿದೆವು. ಎಂಟಕ್ಕೆ ಸುತ್ತಲಿನ ಹಳ್ಳಿಗಳ ನಾಲ್ಕು ಗ್ರೂಪುಗಳಿಗೂ ಹಾಕಿದೆವು, ಬೇರೆಯವರಿಗಿಂತ ಮೊದಲು ಹಾಕಿದೆವೆಂಬ ಸಣ್ಣ ಹೆಮ್ಮೆಯಿಂದ.

ಒಂಬತ್ತೂಕಾಲಿಗೆ ಒಂದು ಫೋನ್ ಬಂತು. ಆ ಹುಡುಗನ ಕಾಕಾ.

"ನಮ್ ಹುಡುಗ ಸತ್ತಾನಂತ ಹಾಕೀರಲ್ರೀ. ಅವ ರಾಯಚೂರ ದವಾಖಾನ್ಯಾಗ ಕಾಲಿಗೆ ಪಟ್ಟಿ ಕಟ್ಟಿಸ್ಕೊಂಡು ಕುಂತಾನ. ಈಗಷ್ಟೇ ನನ್ ಕೂಡ ಮಾತಾಡ್ಯಾನ."

ಮೈಯೆಲ್ಲ ತಣ್ಣಗಾಯಿತು. ಕೂಡಲೇ ಡೆಸ್ಕಿನ ಗ್ರೂಪಿನಲ್ಲಿ 'ತಿದ್ದುಪಡಿ, ಅರ್ಜೆಂಟ್' ಎಂದು ಟೈಪಿಸಿ ಒತ್ತಿದೆವು. ಪಕ್ಕದಲ್ಲಿ ಸಣ್ಣ ಗಡಿಯಾರದ ಗುರುತು ಬಂದು ಅಲ್ಲೇ ನಿಂತಿತು. ಮತ್ತೆ ಒತ್ತಿದೆವು. ನಮ್ಮ ಟವರಿನ ಹಣೆಬರಹ ಗೊತ್ತಿದ್ದದ್ದೇ, ಮಾಳಿಗೆ ಹತ್ತಿದೆವು. ಫೋನ್ ಆಫ್ ಮಾಡಿ ಆನ್ ಮಾಡಿದೆವು. ಪಕ್ಕದ ಮನೆಯವರ ಬೇರೆ ಕಂಪನಿ ಸಿಮ್ಮಿನ ಹಾಟ್‌ಸ್ಪಾಟ್ ಕೇಳಿ ಪಡೆದೆವು. ಗಡಿಯಾರ ಅಲುಗಲಿಲ್ಲ. ಹೀಗೆ ಕಾಲು ತಾಸು ಹೋಯಿತು. ತಪ್ಪು ನಮ್ಮ ಕಡೆಯೇ ಇದೆ ಎಂದು ಅಂದುಕೊಂಡಿದ್ದೆವಲ್ಲ, ಬೇರೆ ದಾರಿ ಹುಡುಕುವ ಬುದ್ಧಿಯೇ ಬರಲಿಲ್ಲ.

ಆಮೇಲೆ ಡೆಸ್ಕಿನ ಆ ನಂಬರಿಗೇ ಸಾದಾ ಕರೆ ಮಾಡಿದೆವು. ರಿಂಗ್ ಆಯಿತು. ಪೂರ್ತಿ ರಿಂಗ್ ಆಗಿ ಕಟ್ ಆಯಿತು. ಆರು ಸಲ ಹಾಗೇ. ಆ ಸಿಮ್ ಒಂದು ಹಳೇ ಹ್ಯಾಂಡ್‌ಸೆಟ್ಟಿನಲ್ಲಿ, ಮೇಜಿನ ಡ್ರಾನಲ್ಲಿ, ಸೈಲೆಂಟ್ ಆಗಿ ಮಲಗಿರುತ್ತದೆ, ಅವರು ವಾಟ್ಸಾಪನ್ನು ಕಂಪ್ಯೂಟರಿನಲ್ಲಿ ನೋಡುತ್ತಾರೆ ಎಂಬುದು ನಮಗೆ ಗೊತ್ತಾದದ್ದು ಮರುದಿನ. ಇಮೇಲ್ ಕಳಿಸಿದೆವು, ಅದು ಹೋಯಿತು. ಆದರೆ ಪುಟ ಬಿಡುವ ಹೊತ್ತಿನಲ್ಲಿ ಇಮೇಲ್ ತೆರೆದು ನೋಡುವವರು ಯಾರು? ಆ ಪಾಳಿಯ ಉಪಸಂಪಾದಕರು ಹೊಸಬರು. ಗ್ರೂಪಿನಲ್ಲಿ ಅವರು ನಮಗೆ 'ಸರ್' ಮಾತ್ರ, ಅವರ ಸ್ವಂತ ನಂಬರು ನಮ್ಮಲ್ಲಿರಲಿಲ್ಲ.

ಕೊನೆಗೆ ನೆನಪಾದದ್ದು ಹಳೇ ಡೈರಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ವರದಿಗಾರರೊಬ್ಬರು ಕಚೇರಿಯ ಲ್ಯಾಂಡ್‌ಲೈನ್ ನಂಬರನ್ನು ಅದರ ಮೊದಲ ಪುಟದಲ್ಲಿ ತಾವೇ ಬರೆದುಕೊಟ್ಟಿದ್ದರು. ಟ್ರಂಕಿನ ತಳದಿಂದ ತೆಗೆದು ಹಚ್ಚಿದೆವು. ಹತ್ತು ಗಂಟೆ ದಾಟಿತ್ತು. ಪುಟ ಕಟ್ಟುವ ಹುಡುಗ ಎತ್ತಿದ. "ತಡೀರಿ ಸರ್, ಪುಟ ಇನ್ನೂ ಇಲ್ಲೇ ಐತಿ" ಅಂದ. ಹೆಸರು, ಅಪ್ಪನ ಹೆಸರು, ಊರು ಮೂರನ್ನೂ ಅಕ್ಷರ ಅಕ್ಷರ ಹೇಳಿ ತಿದ್ದಿಸಿದೆವು.

ಪತ್ರಿಕೆ ಉಳಿಯಿತು. ಗ್ರೂಪುಗಳಲ್ಲಿ ಹಾಕಿದ್ದ ಸುದ್ದಿ ಮಾತ್ರ ಜನರ ಫೋನುಗಳಲ್ಲಿ ಹಾಗೇ ಕುಳಿತಿತ್ತು. ಅಳಿಸಲೂ ಆಗದು, ಕೆಳಗೊಂದು ಸಾಲು ಸೇರಿಸಲೂ ಆಗದು. ಬೈಕ್ ತೆಗೆದುಕೊಂಡು ಆ ಹುಡುಗನ ಊರಿಗೆ ಹೋದೆವು.

ಮನೆಯವರಿಗೆ ಮಗ ಬದುಕಿದ್ದಾನೆಂದು ಅಷ್ಟೊತ್ತಿಗೆ ಗೊತ್ತಾಗಿತ್ತು. ಬರುವವರಿಗೆ ಗೊತ್ತಿರಲಿಲ್ಲ. ನಾವು ನಿಂತಿದ್ದಾಗಲೇ ಒಂದು ಟಂಟಂ ತುಂಬ ಬೀಗರು ಅಳುತ್ತಲೇ ಇಳಿದರು. ಆ ತಾಯಿ ಎದ್ದು ಹೋಗಿ, "ಬದುಕ್ಯಾನವ್ವಾ, ಬದುಕ್ಯಾನ" ಎಂದು ಒಬ್ಬೊಬ್ಬರಿಗೂ ಹೇಳಿದಳು. ಎಷ್ಟನೆಯ ಸಲವೋ. ನಮ್ಮ ಕಡೆ ತಿರುಗಿದಾಗ ಬೈಯುತ್ತಾಳೆಂದು ತಲೆ ತಗ್ಗಿಸಿದೆವು. ಬೈಯಲಿಲ್ಲ. "ಒಂದು ಮಾತು ಇಲ್ಲಿಗೆ ಫೋನ್ ಹಚ್ಚಿದ್ರ ಆಗ್ತಿತ್ತಲ್ಲೋ ತಮ್ಮಾ" ಅಂದಳು.

ಅಲ್ಲಿಂದ ಇನ್ನೊಂದು ಊರಿಗೆ ಹೋದೆವು. ನಿಜವಾಗಿ ಸತ್ತವನ ಅಂಗಳದಲ್ಲಿ ಒಂದು ಬಲ್ಬು, ಆರೇಳು ಮಂದಿ. ಬರಬೇಕಾದ ಕೆಲವರು ಅತ್ತ ಹೋಗಿದ್ದರು, ಉಳಿದವರು ತಮ್ಮವನಲ್ಲ ಬಿಡು ಎಂದು ಮಲಗಿದ್ದರು. ಆ ತಂದೆ ನಮ್ಮನ್ನು ಏನೂ ಕೇಳಲಿಲ್ಲ. ಯಾರ್ಯಾರಿಗೆ ಹೇಳಬೇಕೆಂದು ಕೇಳಿಕೊಂಡು, ಅಲ್ಲೇ ಕಟ್ಟೆಯ ಮೇಲೆ ಕುಳಿತು ಒಬ್ಬೊಬ್ಬರಿಗೂ ಫೋನ್ ಹಚ್ಚಿದೆವು. ನಸುಕಿನ ಮೂರು ದಾಟಿದ ಮೇಲೆ ಜೇಬಿನಲ್ಲಿ ಮೊಬೈಲು ಒಂದೇ ಸಮನೆ ನಡುಗಿತು. ವಾಟ್ಸಾಪ್ ಬಂದಿತ್ತು. ನಾವು ಒತ್ತಿದ್ದ ತಿದ್ದುಪಡಿಗಳೆಲ್ಲ ಒಂದರ ಹಿಂದೆ ಒಂದು ಹೋದವು.

ಡಿಪ್ಲೊಮಾದಲ್ಲಿ ನಮ್ಮ ಜೊತೆಗಿದ್ದ ಒಬ್ಬ ಗೆಳೆಯ ಪತ್ರಿಕೋದ್ಯಮ ಬಿಟ್ಟು ಬೆಂಗಳೂರಿನಲ್ಲಿ ಸರ್ವರ್ ಕಾಯುವ ಕೆಲಸ ಮಾಡುತ್ತಾನೆ, ರಾತ್ರಿ ಪಾಳಿ. ಆ ವಾರ ಅವನಿಗೆ ಫೋನ್ ಮಾಡಿ ಎಲ್ಲ ಹೇಳಿಕೊಂಡೆವು. ಸಮಾಧಾನ ಹೇಳುತ್ತಾನೆಂದುಕೊಂಡರೆ, "ನೀ ಮಾಡಿದ್ದೂ ಅವರು ಮಾಡಿದ್ದೂ ಒಂದೇ ನೋಡಲೇ" ಅಂದ. ಅವತ್ತಿನಿಂದ ನಮಗೆ ಡಿಎನ್‌ಎಸ್ ಪಾಠ ಶುರುವಾಯಿತು.

ಡಿಎನ್‌ಎಸ್ ಎಂದರೆ ಹೆಸರು ಹೇಳಿದರೆ ವಿಳಾಸ ಕೊಡುವ ವ್ಯವಸ್ಥೆ. ನಾವು ಮೊಬೈಲಿನಲ್ಲಿ ಒಂದು ವೆಬ್‌ಸೈಟಿನ ಹೆಸರು ಒತ್ತುತ್ತೇವೆ. ಯಂತ್ರಗಳಿಗೆ ಹೆಸರು ಸಾಲದು, ಅಂಕಿಗಳ ವಿಳಾಸ ಬೇಕು. ಮೊದಮೊದಲು ಜಗತ್ತಿಗೆಲ್ಲ ಸೇರಿ ಒಂದೇ ಪಟ್ಟಿಯಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ಇಟ್ಟುಕೊಂಡಿದ್ದರು, ಉಳಿದವರು ಅಲ್ಲಿಂದ ಪ್ರತಿ ತೆಗೆದುಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಆ ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ಎಂಜಿನಿಯರ್ ಡಿಎನ್‌ಎಸ್ ರೂಪಿಸಿದರು. ಒಂದೇ ದೊಡ್ಡ ಪಟ್ಟಿಯ ಬದಲು, ಆಯಾ ಹೆಸರಿನ ಲೆಕ್ಕ ಆಯಾ ಮನೆಯವರೇ ಇಟ್ಟುಕೊಳ್ಳುವ ಏರ್ಪಾಡು ಅದು. ಕೇಳಿದವರಿಗೆ ಉತ್ತರ ಕೊಡುವ ಯಂತ್ರವೇ ಹೆಸರಿನ ಸರ್ವರ್. ನಮ್ಮ ಪರವಾಗಿ ಹೋಗಿ ಕೇಳಿಕೊಂಡು ಬರುವ ಯಂತ್ರ ರಿಸಾಲ್ವರ್. ನಮ್ಮ ಊರಿನ ಹಳೇ ಅಂಚೆಯಣ್ಣನಿಗೆ ಒಂದೇ ಹೆಸರಿನ ಆರು ಮಂದಿಯಲ್ಲಿ ಕಾಗದ ಯಾರದೆಂದು ಗೊತ್ತಿರುತ್ತಿತ್ತಲ್ಲ, ಅಂಥ ಕೆಲಸ.

ಸರ್ವರ್ ಕೆಟ್ಟರೆ? ಅದಕ್ಕೂ ಮೊದಲಿನಿಂದಲೇ ದಾರಿ ಇದೆ. ಒಂದು ಹೆಸರಿಗೆ ಎರಡು ಮೂರು ಸರ್ವರ್ ಇಡುತ್ತಾರೆ. ಒಂದು ಉತ್ತರಿಸದಿದ್ದರೆ ರಿಸಾಲ್ವರ್ ಇನ್ನೊಂದನ್ನು ಕೇಳುತ್ತದೆ. ಅವನ್ನೆಲ್ಲ ಒಂದೇ ಕಟ್ಟಡದಲ್ಲಿ, ಒಂದೇ ತಂತಿಯ ಮೇಲೆ ಇಡಬೇಡಿ, ಬೇರೆ ಬೇರೆ ಊರಿನಲ್ಲಿ ಇಡಿ ಎಂದು 1997ರ ಆರ್‌ಎಫ್‌ಸಿ 2182 ಎಂಬ ದಾಖಲೆ ಬುದ್ಧಿ ಹೇಳುತ್ತದೆ. ನಮಗೂ ಡೆಸ್ಕಿಗೂ ನಡುವೆ ಇದ್ದ ದಾರಿಗಳು ಮೂರು: ಗ್ರೂಪು, ವೈಯಕ್ತಿಕ ಸಂದೇಶ, ವಾಟ್ಸಾಪ್ ಕರೆ. ಮೂರೂ ಒಂದೇ ಕಂಪನಿಯವು, ಒಂದೇ ಕ್ಷಣಕ್ಕೆ ಸತ್ತವು. ಎಣಿಕೆಗೆ ಮೂರು, ನಿಜಕ್ಕೆ ಒಂದು.

ಆದರೆ ಡಿಎನ್‌ಎಸ್ ಕೊಡುವುದು ವಿಳಾಸ ಮಾತ್ರ. ಆ ವಿಳಾಸದ ಮನೆಯಲ್ಲಿ ಜನ ಇದ್ದಾರೋ, ಬೀಗ ಬಿದ್ದಿದೆಯೋ ಅದಕ್ಕೆ ತಿಳಿಯದು. ಅದಕ್ಕೆಂದೇ ಮೇಲೊಂದು ಏರ್ಪಾಡು ಸೇರಿಸಿದರು. ಒಂದು ಯಂತ್ರ ಆಗಾಗ ಹೋಗಿ ಬಾಗಿಲು ತಟ್ಟುತ್ತದೆ. ಉತ್ತರ ಬಂದರೆ ಆ ವಿಳಾಸ ಪಟ್ಟಿಯಲ್ಲಿ ಉಳಿಯುತ್ತದೆ. ಬರದಿದ್ದರೆ ಅದನ್ನು ತೆಗೆದು ಬದಲಿ ವಿಳಾಸ ಕೊಡಲಾಗುತ್ತದೆ. ತಟ್ಟುವುದಕ್ಕೆ ಹೆಲ್ತ್ ಚೆಕ್ ಎನ್ನುತ್ತಾರೆ, ಬದಲಿಗೆ ಹೊರಳುವುದಕ್ಕೆ ಫೇಲ್‌ಓವರ್.

ಅಕ್ಟೋಬರ್ 4ರಂದು ಆದದ್ದನ್ನು ಕಂಪನಿಯೇ ಮರುದಿನ ಬರೆದು ಹೇಳಿತು. ತಮ್ಮ ಡೇಟಾ ಸೆಂಟರುಗಳನ್ನು ಜೋಡಿಸುವ ಬೆನ್ನೆಲುಬು ಜಾಲದ ಸಾಮರ್ಥ್ಯ ನೋಡಲು ಒಂದು ಆಜ್ಞೆ ಕೊಟ್ಟರು. ಅದು ಇಡೀ ಜಾಲವನ್ನೇ ಕಡಿದುಹಾಕಿತು. ಇಂಥ ಆಜ್ಞೆಯನ್ನು ತಡೆಯಬೇಕಿದ್ದ ತಪಾಸಣೆಯ ಸಾಧನದಲ್ಲೇ ದೋಷವಿತ್ತು. ಮುಂದಿನದು ಡಿಎನ್‌ಎಸ್ ಕಥೆ. ಅವರ ಹೆಸರಿನ ಸರ್ವರುಗಳು ಜಗತ್ತಿನ ಹಲವು ಕಡೆ ಸಣ್ಣ ಕೇಂದ್ರಗಳಲ್ಲಿದ್ದವು. 'ಡೇಟಾ ಸೆಂಟರಿನ ಜೊತೆ ನಿನಗೆ ಮಾತಾಡಲು ಆಗದಿದ್ದರೆ, ನಿನ್ನ ಸಂಪರ್ಕ ಸರಿಯಿಲ್ಲ ಎಂದರ್ಥ. ಜನರಿಗೆ ಉತ್ತರ ಕೊಡುವುದನ್ನು ಬಿಟ್ಟು ಪಕ್ಕಕ್ಕೆ ಸರಿ' ಎಂಬ ನಿಯಮ ಅವಕ್ಕಿತ್ತು. ಇಂಟರ್ನೆಟ್ಟಿನಲ್ಲಿ 'ನಾನಿಲ್ಲಿದ್ದೇನೆ, ನನ್ನ ಬಳಿ ಬರಲು ಇದು ದಾರಿ' ಎಂದು ಡಂಗುರ ಸಾರುವ ಪದ್ಧತಿಗೆ ಬಿಜಿಪಿ ಎಂದು ಹೆಸರು. ನಿಯಮದ ಪ್ರಕಾರ ಆ ಸರ್ವರುಗಳು ಡಂಗುರ ನಿಲ್ಲಿಸಿದವು.

ಒಂದೆರಡು ಕೇಂದ್ರ ಕೆಟ್ಟಾಗ ಇದು ಒಳ್ಳೆಯ ನಿಯಮ. ಕೆಟ್ಟದ್ದು ಸರಿಯುತ್ತದೆ, ಚೆನ್ನಾಗಿರುವುದು ಉತ್ತರಿಸುತ್ತದೆ. ಅವತ್ತು ಕೆಟ್ಟದ್ದು ನಡುವಿನ ಜಾಲ. ಹಾಗಾಗಿ ಎಲ್ಲ ಸರ್ವರುಗಳಿಗೂ ಒಂದೇ ಕ್ಷಣ ಒಂದೇ ಅನುಮಾನ ಬಂತು: ನಾನು ಕೆಟ್ಟಿದ್ದೇನೆ. ಎಲ್ಲವೂ ಪಕ್ಕಕ್ಕೆ ಸರಿದವು. ಹೊರಳಿಕೊಳ್ಳಲು ಯಾರೂ ಉಳಿಯಲಿಲ್ಲ. ಅವು ಅಷ್ಟೊತ್ತೂ ಜೀವಂತವಾಗಿದ್ದವು, ಕೆಲಸ ಮಾಡುತ್ತಿದ್ದವು ಎನ್ನುವುದು ಇದರ ವಿಚಿತ್ರ. ಸತ್ತಿದ್ದೇವೆಂದು ತಾವೇ ಘೋಷಿಸಿಕೊಂಡು ಕುಳಿತಿದ್ದವು. ದುರಸ್ತಿಗೆ ಹೊರಟ ಎಂಜಿನಿಯರುಗಳು ಬಳಸುವ ಒಳಗಿನ ಸಾಧನಗಳೂ ಅದೇ ಜಾಲದ ಮೇಲಿದ್ದವು. ಕೊನೆಗೆ ಜನ ಡೇಟಾ ಸೆಂಟರಿಗೇ ಹೋಗಬೇಕಾಯಿತು, ಭದ್ರತೆಯ ಬಾಗಿಲುಗಳನ್ನು ದಾಟಲೂ ಹೊತ್ತು ಹಿಡಿಯಿತು.

ಇತ್ತ ಜಗತ್ತಿನ ರಿಸಾಲ್ವರುಗಳು ನಾವು ಮಾಳಿಗೆಯ ಮೇಲೆ ಮಾಡಿದ್ದನ್ನೇ ಮಾಡಿದವು. ಉತ್ತರ ಬರಲಿಲ್ಲವೆಂದು ಮತ್ತೆ ಕೇಳಿದವು, ಮತ್ತೆ ಮತ್ತೆ ಕೇಳಿದವು. ಕ್ಲೌಡ್‌ಫ್ಲೇರ್ ಕಂಪನಿಯ ರಿಸಾಲ್ವರಿಗೆ ಆ ಹೆಸರುಗಳ ಪ್ರಶ್ನೆಗಳು ಮಾಮೂಲಿಗಿಂತ ಮೂವತ್ತು ಪಟ್ಟು ಬಂದವು.

"ತಿಳೀತೇನು?" ಎಂದು ಗೆಳೆಯ ಕೇಳಿದ. "ಒಂದೇ ಪ್ರಶ್ನೆ, ಒಂದೇ ಕಡೆಯಿಂದ. ಅದರ ಮ್ಯಾಲೆ ಬದುಕಿದ್ದವನ್ನ ಪಟ್ಟಿಯಿಂದ ತೆಗೆದಿ. ಅವೂ ಅದನ್ನ ಮಾಡಿದ್ವು."

ತಿಳಿಯಿತು. ನೋವೂ ಆಯಿತು.

ಹಾಗಾದರೆ ಸರಿಯಾಗಿ ತಟ್ಟುವುದು ಹೇಗೆ? ಅಮೆಜಾನಿನ ರೂಟ್ 53 ಎಂಬ ಡಿಎನ್‌ಎಸ್ ಸೇವೆಯ ನಿಯಮಗಳನ್ನು ಅವನು ಓದಿಸಿದ. ಅದು ಜಗತ್ತಿನ ಬೇರೆ ಬೇರೆ ಕಡೆಯಿಂದ ತಟ್ಟುತ್ತದೆ, ಪ್ರತಿಯೊಂದು ಕಡೆಯಿಂದಲೂ 30 ಸೆಕೆಂಡಿಗೊಮ್ಮೆ, ಬೇಕೆಂದರೆ 10 ಸೆಕೆಂಡಿಗೊಮ್ಮೆ. ಒಂದು ಸಲ ಉತ್ತರ ಬರಲಿಲ್ಲವೆಂದು ಸತ್ತನೆನ್ನುವುದಿಲ್ಲ. ನಾವು ಬದಲಿಸದಿದ್ದರೆ, ಸತತ ಮೂರು ಸಲ ತಪ್ಪಬೇಕು. ತಟ್ಟಿದವರಲ್ಲಿ ನೂರಕ್ಕೆ 18ಕ್ಕಿಂತ ಹೆಚ್ಚು ಮಂದಿ 'ಇದ್ದಾನೆ' ಎಂದರೆ ಇದ್ದಾನೆ ಎಂದೇ ಲೆಕ್ಕ. ಉಳಿದವರ ದಾರಿ ಕೆಟ್ಟಿರಬಹುದಲ್ಲ! ಇನ್ನೊಂದು ನಿಯಮ ನಮಗೆ ಬಹಳ ಹಿಡಿಸಿತು. ಬದಲಿಗಳೂ ಸೇರಿ ಎಲ್ಲ ವಿಳಾಸಗಳೂ ಸತ್ತಿವೆ ಎಂದು ತಪಾಸಣೆ ಹೇಳಿದರೆ, ರೂಟ್ 53 ಎಲ್ಲವೂ ಬದುಕಿವೆ ಎಂದು ಹಿಡಿದು ಉತ್ತರ ಕೊಡುತ್ತದೆ. ಎಲ್ಲರೂ ಒಟ್ಟಿಗೆ ಸಾಯುವುದಕ್ಕಿಂತ ತಪಾಸಣೆಯವನ ಕಣ್ಣೇ ಕೆಟ್ಟಿರುವ ಸಾಧ್ಯತೆ ಹೆಚ್ಚು ಎಂಬ ಲೆಕ್ಕ. ಉತ್ತರವೇ ಇಲ್ಲದಿರುವುದಕ್ಕಿಂತ ಹಳೆಯ ಉತ್ತರವಾದರೂ ಇರಲಿ ಎಂಬ ವಿಚಾರ ರಿಸಾಲ್ವರುಗಳಿಗೂ ಬಂದಿದೆ. ಮೂಲದಿಂದ ಉತ್ತರ ಸಿಗದಾಗ, ಅವಧಿ ಮುಗಿದ ಉತ್ತರವನ್ನು ಸ್ವಲ್ಪ ಕಾಲ ಕೊಡಬಹುದೆಂದು 2020ರ ಆರ್‌ಎಫ್‌ಸಿ 8767 ಹೇಳುತ್ತದೆ.

ಅವಧಿ ಎಂದರೆ ಟಿಟಿಎಲ್. ಪ್ರತಿ ಉತ್ತರದ ಜೊತೆ 'ಇದನ್ನು ಇಷ್ಟು ಸೆಕೆಂಡು ನೆನಪಿನಲ್ಲಿಟ್ಟುಕೊ, ಆಮೇಲೆ ಮತ್ತೆ ಕೇಳು' ಎಂಬ ಸೂಚನೆ ಇರುತ್ತದೆ. ಫೇಲ್‌ಓವರ್ ಎಷ್ಟೇ ಚುರುಕಾಗಿದ್ದರೂ ಅವಧಿ ಮುಗಿಯುವವರೆಗೆ ಜನ ಹಳೆಯ ವಿಳಾಸಕ್ಕೇ ಹೋಗುತ್ತಿರುತ್ತಾರೆ. ಅದಕ್ಕೇ ಹೊರಳಬೇಕಾದ ಹೆಸರುಗಳಿಗೆ 60 ಸೆಕೆಂಡೋ ಅದಕ್ಕಿಂತ ಕಡಿಮೆಯೋ ಇಡುತ್ತಾರೆ. ನಾವು ಎಂಟು ಗಂಟೆಗೆ ಗ್ರೂಪಿಗೆ ಹಾಕಿದ ಸುದ್ದಿಗೆ ಅವಧಿಯೇ ಇರಲಿಲ್ಲ. ಆ ಟಂಟಂನಲ್ಲಿ ಬಂದವರು ನಮ್ಮ ಹಳೆಯ ಉತ್ತರವನ್ನು ಹಿಡಿದು ತಪ್ಪು ಮನೆಗೆ ಬಂದವರು.

ಇಲ್ಲಿ ಒಂದು ಕಡೆ ಯಂತ್ರದ ಪಾಠ ನಮಗೆ ತಿರುಗುಮುರುಗಾಯಿತು. ವೆಬ್‌ಸೈಟಿನ ವಿಳಾಸದ ವಿಷಯದಲ್ಲಿ ಮೌನ ದುಬಾರಿ, ಹಳೆಯ ಉತ್ತರ ಅಗ್ಗ. ಸಾವಿನ ಸುದ್ದಿಯಲ್ಲಿ ಮೌನ ಅಗ್ಗ, ತಪ್ಪು ಉತ್ತರ ದುಬಾರಿ. ಒಂದು ತಾಸು ತಡವಾಗಿ ಹಾಕಿದ್ದರೆ ನಮ್ಮ ಹೆಮ್ಮೆ ಹೋಗುತ್ತಿತ್ತು ಅಷ್ಟೇ. ಯಾವ ತಪ್ಪಿನ ಬೆಲೆ ಹೆಚ್ಚು ಎಂದು ಮೊದಲೇ ತೀರ್ಮಾನಿಸಿ ಆಮೇಲೆ ತಪಾಸಣೆ ಕಟ್ಟಬೇಕು. ಫೇಸ್‌ಬುಕ್ಕಿನವರು ಒಂದು ಸರ್ವರ್ ಕೆಡುವುದಕ್ಕೆ ತಯಾರಾಗಿದ್ದರು, ಎಲ್ಲವೂ ಒಟ್ಟಿಗೆ ಸರಿದರೆ ಎಂಬ ಲೆಕ್ಕ ಹಾಕಿರಲಿಲ್ಲ. ನಾವು ಲೆಕ್ಕವನ್ನೇ ಹಾಕಿರಲಿಲ್ಲ.

ಇದಕ್ಕೆ ವಿರುದ್ಧದ ತಪ್ಪೂ ಇದೆ, ಅದನ್ನೂ ನಾವು ಮಾಡಿದ್ದೆವು. ಅದೇ ವರ್ಷ ಮೇ ತಿಂಗಳು, ಕೊರೊನಾ ಎರಡನೇ ಅಲೆ. ನಮಗೆ ಜ್ವರ ಹಿಡಿದು ಹಾಸಿಗೆ ಬಿಟ್ಟೇಳಲು ಆಗುತ್ತಿರಲಿಲ್ಲ. ಡೆಸ್ಕಿನವರು ಬೆಳಿಗ್ಗೆ ಗ್ರೂಪಿನಲ್ಲಿ 'ಎಲ್ಲರೂ ಇದ್ದೀರಾ?' ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ನಮ್ಮ ಜಾಗಕ್ಕೆ ಬೇರೆಯವರು ಬರುತ್ತಾರೆಂಬ ಹೆದರಿಕೆ. ಸ್ಟ್ರಿಂಜರ್‌ಗೆ ಸಂಬಳವಿಲ್ಲ, ರಜೆಯೂ ಇಲ್ಲ, ಅಚ್ಚಾದ ಸುದ್ದಿಗೆ ಕಾಸು. ಮಲಗಿದಲ್ಲಿಂದಲೇ ಹೆಬ್ಬೆಟ್ಟಿನ ಗುರುತು ಒತ್ತುತ್ತಿದ್ದೆವು. ಐದು ದಿನ ಒತ್ತಿದೆವು. ಆ ಐದು ದಿನ ನಮ್ಮ ಭಾಗದಿಂದ ಒಂದು ಸಾಲೂ ಹೋಗಲಿಲ್ಲ, ನಮ್ಮ ಸುತ್ತಲೇ ಜನ ಸಾಯುತ್ತಿದ್ದರು. ಡೆಸ್ಕಿಗೆ ನಾವು ಹಸಿರು ದೀಪ. ಗೆಳೆಯ ಇದಕ್ಕೂ ಒಂದು ಹೆಸರು ಹೇಳಿದ, ಮೇಲುಮೇಲಿನ ತಪಾಸಣೆ. ಯಂತ್ರ ಉಸಿರಾಡುತ್ತಿದೆಯೇ ಎಂದು ಕೇಳುವುದು ಒಂದು. ಅದು ಕೆಲಸ ಮಾಡುತ್ತಿದೆಯೇ ಎಂದು ಒಂದು ಸಣ್ಣ ಕೆಲಸ ಮಾಡಿಸಿ ನೋಡುವುದು ಇನ್ನೊಂದು. ಡ್ರಾನಲ್ಲಿ ಮಲಗಿದ್ದ ಆ ಹ್ಯಾಂಡ್‌ಸೆಟ್ಟೂ ಹೀಗೇ. ರಿಂಗ್ ಆಗುತ್ತಿತ್ತು, ಯಾರೂ ಎತ್ತಲಿಲ್ಲ.

ಆರನೇ ದಿನ ನಿಜ ಹೇಳಿದೆವು. ನಮ್ಮ ಭಾಗವನ್ನು ಬೇರೊಬ್ಬರಿಗೆ ಕೊಟ್ಟರು, ಅದು ಸರಿಯೇ. ನಾವು ಎದ್ದ ಮೇಲೆ ವಾಪಸ್ ಕೊಡಲು ಎರಡು ತಿಂಗಳು ಹಿಡಿಯಿತು. ಹೊರಳುವುದಕ್ಕೆ ನಿಯಮ ಇರುತ್ತದೆ, ಮರಳುವುದಕ್ಕೆ ಇರುವುದಿಲ್ಲ.

ಬದಲಿ ಎಂದು ಬಾಯಲ್ಲಿ ಹೇಳುವುದಕ್ಕೂ ಬದಲಿ ಕೈಗೆ ಸಿಗುವುದಕ್ಕೂ ಎಷ್ಟು ದೂರ ಎಂದು ನಮ್ಮ ಸೀಮೆಯವರಿಗೆ 2024ರಲ್ಲಿ ಗೊತ್ತಾಯಿತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ಸಿಂಧನೂರು, ಮಾನ್ವಿ ಕಡೆಯ ಎಡದಂಡೆಯ ಭತ್ತದ ರೈತರು ನಿದ್ದೆಗೆಟ್ಟರು. ಆ ಜಾಗಕ್ಕೆ ಇಳಿಸಲು ತಯಾರಾದ ಬದಲಿ ಗೇಟು ಅಲ್ಲಿರಲಿಲ್ಲ. ಸ್ಟಾಪ್‌ಲಾಗ್ ಹಲಗೆಗಳನ್ನು ಆಮೇಲೆ ತಯಾರಿಸಿ, ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ವಾರದೊಳಗೆ ಕೂಡಿಸಿದರು. ಅಷ್ಟರಲ್ಲಿ ನೀರು ನದಿಗೆ ಹೋಗಿತ್ತು. ಆ ಸುದ್ದಿ ಬರೆಯುವಾಗ ನಮಗೆ ಟ್ರಂಕಿನ ತಳದ ಡೈರಿ ನೆನಪಾಗುತ್ತಿತ್ತು.

ತಪಾಸಣೆ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂದೂ ಇಲ್ಲ. 2025ರ ಅಕ್ಟೋಬರ್ 20, ನರಕ ಚತುರ್ದಶಿ. ಅವತ್ತು ಅಮೆಜಾನಿನ ಉತ್ತರ ವರ್ಜೀನಿಯಾ ಕೇಂದ್ರ ಕೆಟ್ಟು ಜಗತ್ತಿನ ಅನೇಕ ಸೇವೆಗಳು ನಿಂತವು. ವಿಳಾಸ ಬದಲಿಸುವ ಎರಡು ಸ್ವಯಂಚಾಲಿತ ಕೆಲಸಗಾರರು ಒಬ್ಬರ ಮೇಲೊಬ್ಬರು ಬರೆದು, ಡೈನಮೊಡಿಬಿ ಎಂಬ ಮುಖ್ಯ ಸೇವೆಯ ಡಿಎನ್‌ಎಸ್ ಉತ್ತರವೇ ಖಾಲಿಯಾಯಿತು. ಅದನ್ನು ಸರಿಪಡಿಸಿದ ಮೇಲೂ ಇನ್ನೊಂದು ಕಾಟ ಶುರುವಾಯಿತು. ಹೊಸದಾಗಿ ಎದ್ದ ಯಂತ್ರಗಳಿಗೆ ಜಾಲದ ಸಂಪರ್ಕ ಇನ್ನೂ ಪೂರ್ತಿ ಆಗಿರಲಿಲ್ಲ. ಹೆಲ್ತ್ ಚೆಕ್ ಒಮ್ಮೆ 'ಸತ್ತ' ಎನ್ನುವುದು, ಇನ್ನೊಮ್ಮೆ 'ಇದ್ದಾನೆ' ಎನ್ನುವುದು. ಡಿಎನ್‌ಎಸ್‌ನಿಂದ ತೆಗೆಯುವುದು, ಮತ್ತೆ ಸೇರಿಸುವುದು. ಕೊನೆಗೆ ನಮ್ಮ ಲೆಕ್ಕದಲ್ಲಿ ರಾತ್ರಿ ಹತ್ತರ ಹೊತ್ತಿಗೆ ಎಂಜಿನಿಯರುಗಳು ಆ ತಾನಾಗಿ ಹೊರಳುವ ಏರ್ಪಾಡನ್ನೇ ಕೈಯಿಂದ ಆಫ್ ಮಾಡಿದರು. ಗೆಳೆಯ ಅವತ್ತು ಹಬ್ಬ ಬಿಟ್ಟು ಕುಳಿತಿದ್ದ. "ಕಾಯೋನನ್ನ ಮಲಗಿಸಿದ ಮ್ಯಾಲೆ ಊರು ಶಾಂತ ಆತು" ಎಂದು ಫೋನಿನಲ್ಲಿ ನಕ್ಕ.

ಈಗ ನಾವು ಮಾಡುವುದು ಇಷ್ಟು. ಸಾವಿನ ಸುದ್ದಿಗೆ ಎರಡು ಕಡೆ ಕೇಳುತ್ತೇವೆ, ಒಬ್ಬರ ಬಾಯಿಂದಲೇ ಕೇಳಿದ ಇಬ್ಬರು ನಮಗೆ ಇಬ್ಬರಲ್ಲ. ಹೆಸರಿನ ಜೊತೆ ಅಪ್ಪನ ಹೆಸರು, ಊರು, ವಯಸ್ಸು ಮೂರೂ ಕೂಡಿಬರಬೇಕು. ಮನೆಯವರಿಗೆ ವಿಷಯ ತಿಳಿಯುವವರೆಗೆ ಗ್ರೂಪಿಗೆ ಹಾಕುವುದಿಲ್ಲ. ಇದರಿಂದ ಎಷ್ಟೋ ಸಲ ನಾವು ಕೊನೆಗೆ ಹಾಕಿದವರಾಗಿದ್ದೇವೆ. ಡೆಸ್ಕಿನ ಪಾಳಿಯವರ ಸ್ವಂತ ನಂಬರು, ಲ್ಯಾಂಡ್‌ಲೈನು, ಇಮೇಲು ಮೂರನ್ನೂ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೇವೆ. ಪ್ರತಿ ತಿಂಗಳ ಒಂದನೇ ತಾರೀಕು ಮೂರನ್ನೂ ಹಚ್ಚಿ ನೋಡುತ್ತೇವೆ. ರಿಂಗ್ ಆದರೆ ಸಾಲದು, ಯಾರಾದರೂ ಎತ್ತಿ ಮಾತಾಡಬೇಕು.

ಮೊದಮೊದಲು ನಗುತ್ತಿದ್ದರು. ಒಂದು ತಿಂಗಳು ಲ್ಯಾಂಡ್‌ಲೈನ್ ಹತ್ತಲೇ ಇಲ್ಲ. ವಿಚಾರಿಸಿದರೆ, ಯಾರೂ ಬಳಸುವುದಿಲ್ಲವೆಂದು ಕಚೇರಿಯವರು ಅದನ್ನು ತೆಗೆಸಿದ್ದರು, ನಮಗೆ ಹೇಳುವುದು ಯಾರಿಗೂ ನೆನಪಾಗಿರಲಿಲ್ಲ. ಆ ಜಾಗದಲ್ಲಿ ಪುಟ ಕಟ್ಟುವ ಹುಡುಗನ ನಂಬರು ಬರೆದುಕೊಂಡೆವು. ಅವತ್ತು ರಾತ್ರಿ ಫೋನ್ ಎತ್ತಿದವನೇ ಅವನು.

ಮೊನ್ನೆ ಒಂದನೇ ತಾರೀಕೂ ಹಚ್ಚಿದೆವು. ಎತ್ತಿದ.

"ಏನ್ ಸುದ್ದಿ ಸರ್?"

"ಸುದ್ದಿ ಏನಿಲ್ಲಪ್ಪ. ಇದ್ದೀ ಏನು ನೋಡಿದ್ವಿ."

"ಅದೀನ್ರಿ ಸರ್" ಅಂದ. ಒಂದು ಕ್ಷಣ ಬಿಟ್ಟು, "ನೀವು?" ಎಂದು ಕೇಳಿದ.

ಇಷ್ಟು ವರ್ಷದಲ್ಲಿ ಡೆಸ್ಕಿನ ಕಡೆಯಿಂದ ಹಾಗೆ ಕೇಳಿದವನು ಅವನೊಬ್ಬನೇ.